ಎಂಬತ್ತು ಸಾವಿರಕ್ಕೆ ಗೇಮಿಂಗ್ ಲ್ಯಾಪ್‌ಟಾಪ್: ಕಟ್ಟಿಸೋದಾ, ಕೊಳ್ಳೋದಾ?

ಸಿಇಟಿ ಸೀಟು ಹಂಚಿಕೆ ಮುಗಿದು ಹೊಸಬರು ಕಾಲೇಜಿಗೆ ಬರೋಕೆ ಶುರುವಾದ ಕೂಡಲೇ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಸುತ್ತು ಹೊಡೆಯುತ್ತೆ: "ಅಣ್ಣಾ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಈ ಸಲ ಹೊನ್ನಾಳಿ ಕಡೆಯ ಜೂನಿಯರ್ ಒಬ್ಬ ಲೆಕ್ಕ ಸಮೇತ ಕೇಳಿದ. ಬಜೆಟ್ ಎಂಬತ್ತು ಸಾವಿರ. ಅದರಲ್ಲಿ ಐವತ್ತು ಸಾವಿರ ಭತ್ತ ಮಾರಿದ ದುಡ್ಡು, ಮೂವತ್ತು ಅವರಮ್ಮ ಚೀಟಿ ಎತ್ತಿದ್ದು. ಗೇಮ್ ಆಡಬೇಕು, ಕೋರ್ಸಿನ ಸಾಫ್ಟ್‌ವೇರ್ ಓಡಬೇಕು, ನಾಲ್ಕು ವರ್ಷ ಬಾಳಬೇಕು. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದ: "ಡೆಸ್ಕ್‌ಟಾಪ್ ಥರ ಲ್ಯಾಪ್‌ಟಾಪನ್ನೂ ಬೇಕಾದ ಪಾರ್ಟ್ಸ್ ಆರಿಸಿ ಕಟ್ಟಿಸ್ಕೋಬಹುದಂತೆ, ಹೌದಾ?"

ಅವನಿಗೆ ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಮುಂದಿನ ವರ್ಷ ಇನ್ನೊಬ್ಬ ಕೇಳ್ತಾನೆ, ಆಗ ಆ ಮಾಡೆಲ್ ಅಂಗಡಿಯಲ್ಲೇ ಇರಲ್ಲ. ಅದಕ್ಕೆ ಮಾಡೆಲ್ ಹೆಸರು ಹೇಳೋ ಬದಲು ಸ್ಪೆಕ್ ಶೀಟ್ ಓದೋದು ಹೇಗೆ ಅಂತ ಬರೆದರೆ ಹೆಚ್ಚು ದಿನ ಬಾಳುತ್ತೆ ಅನ್ನಿಸ್ತು.

ಮೊದಲು ಕಟ್ಟಿಸೋ ವಿಚಾರ

ಹೌದು, ಕಸ್ಟಮ್ ಲ್ಯಾಪ್‌ಟಾಪ್ ಅನ್ನೋದು ಇದೆ. ತೈವಾನಿನ ಕ್ಲೆವೊ 1983ರಲ್ಲಿ ಶುರುವಾದ ಕಂಪನಿ. ಅದು ತನ್ನ ಹೆಸರಿನಲ್ಲಿ ನಮಗೆ ನೇರವಾಗಿ ಮಾರೋದಕ್ಕಿಂತ ಅರೆಸಿದ್ಧ ಯಂತ್ರಗಳನ್ನು ಬೇರೆ ಕಂಪನಿಗಳಿಗೆ ಕೊಡೋದೇ ಹೆಚ್ಚು. ಚೀನಾದ ಟಾಂಗ್‌ಫಾಂಗ್ ಕೂಡ ಇದೇ ವ್ಯಾಪಾರದಲ್ಲಿದೆ. ಇಂಥ ಅರೆಸಿದ್ಧ ಯಂತ್ರಕ್ಕೆ 'ಬೇರ್‌ಬೋನ್' ಅಂತಾರೆ: ಬಾಡಿ, ಮದರ್‌ಬೋರ್ಡ್, ಪರದೆ, ಕೀಬೋರ್ಡ್, ಫ್ಯಾನ್ ಎಲ್ಲ ಇರುತ್ತೆ, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲ್ಲ. ಜರ್ಮನಿಯ ಎಕ್ಸ್‌ಎಂಜಿ, ಅಮೆರಿಕದ ಸೇಗರ್, ಬ್ರಿಟನ್ನಿನ ಪಿಸಿ ಸ್ಪೆಷಲಿಸ್ಟ್ ಇಂಥ ಬೇರ್‌ಬೋನ್‌ಗಳನ್ನು ತರಿಸಿ, ಗಿರಾಕಿ ಹೇಳಿದ ಹಾಗೆ ತುಂಬಿ, ತಮ್ಮ ಹೆಸರು ಹಚ್ಚಿ ಮಾರಿದವರು.

ಇಲ್ಲಿ ಒಂದು ವಿಷಯ ಗಮನಿಸಿ. ನೀವು ಆರಿಸಬಹುದಾದದ್ದು ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್, ಥರ್ಮಲ್ ಪೇಸ್ಟ್, ವಿಂಡೋಸ್ ಬೇಕೋ ಬೇಡವೋ – ಇಷ್ಟೇ. ಸಿಪಿಯು ಮತ್ತು ಜಿಪಿಯು ಎರಡೂ ಈಗ ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತವೆ. ಹಿಂದೆ ಎಂಎಕ್ಸ್‌ಎಂ ಅಂತ ಬಿಚ್ಚಿ ಬದಲಿಸೋ ಜಿಪಿಯು ಕಾರ್ಡುಗಳಿದ್ದವು, ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅವು ಹೆಚ್ಚುಕಡಿಮೆ ಮಾಯವಾಗಿವೆ. ಫ್ರೇಮ್‌ವರ್ಕ್ ಕಂಪನಿಯ 16 ಇಂಚಿನ ಲ್ಯಾಪ್‌ಟಾಪಿನಲ್ಲಿ ಜಿಪಿಯು ಬಿಚ್ಚಿ ಹಾಕಬಹುದು ನಿಜ, ಆದರೆ ಅದು ಹೊರಬಂದಾಗ ಜಿಪಿಯು, ರ‍್ಯಾಮ್ ಯಾವುದೂ ಇಲ್ಲದೆ 1,399 ಡಾಲರ್‌ನಿಂದ ಬೆಲೆ ಶುರುವಾಗ್ತಿತ್ತು. ನಮ್ಮ ಹುಡುಗನ ಬಜೆಟ್ ಅಲ್ಲಿಗೇ ಮುಗಿದು ಮೇಲೆ ಸಾಲ ಮಾಡಬೇಕು.

ಹೊರದೇಶದಿಂದ ತರಿಸೋದಕ್ಕೆ ಕಾನೂನಿನ ಅಡ್ಡಿ ಏನಿಲ್ಲ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕು ಅಂತ ಆದೇಶ ಹೊರಡಿಸಿದಾಗಲೂ, ಅಂಚೆ ಅಥವಾ ಕೊರಿಯರ್ ಮೂಲಕ ಒಂದು ಲ್ಯಾಪ್‌ಟಾಪ್ ತರಿಸೋದಕ್ಕೆ ವಿನಾಯಿತಿ ಕೊಟ್ಟಿತ್ತು. ಆದರೆ ತೆರಿಗೆ, ಸಾಗಣೆ ಎಲ್ಲ ಕೊಡಲೇಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಎರಡನೇ ವರ್ಷದಲ್ಲಿ ಮದರ್‌ಬೋರ್ಡ್ ಕೈಕೊಟ್ಟರೆ? ಲೈಪ್‌ಜಿಗ್‌ಗೆ ಪಾರ್ಸಲ್ ಮಾಡಿ ಎರಡು ತಿಂಗಳು ಕಾಯೋದಾ? ಇಂಟರ್ನಲ್ಸ್ ನಡುವೆ? ನಮ್ಮಲ್ಲೂ ಬೇರ್‌ಬೋನ್ ತರಿಸಿ ಜೋಡಿಸಿ ಕೊಡೋ ಕೆಲವು ಅಂಗಡಿಗಳು ದೊಡ್ಡ ಊರುಗಳಲ್ಲಿವೆ. ಅವರ ಹತ್ತಿರವೂ ಕೇಳಬೇಕಾದ ಪ್ರಶ್ನೆ ಇದೇ – ಸ್ಪೇರ್ ಬೋರ್ಡ್ ನಿಮ್ಮ ಹತ್ತಿರ ಸ್ಟಾಕ್ ಇದೆಯಾ, ಅಥವಾ ತೈವಾನಿನಿಂದ ಬರಬೇಕಾ?

ಹಾಗಾಗಿ ನನ್ನ ಅಭಿಪ್ರಾಯ: ಒಂದೂವರೆ ಲಕ್ಷದ ಮೇಲೆ ಖರ್ಚು ಮಾಡೋರಿಗೆ, ಬೆಂಗಳೂರಿನಂಥ ಕಡೆ ಇರೋರಿಗೆ ಪೂರ್ತಿ ಕಸ್ಟಮ್ ಒಂದು ದಾರಿ. ಎಂಬತ್ತು ಸಾವಿರದವರಿಗೆ ಅಲ್ಲ. ಎಂಬತ್ತು ಸಾವಿರದವರಿಗೆ ಇರೋದು 'ಅರ್ಧ ಕಸ್ಟಮ್'. ಬದಲಿಸೋಕಾಗದ ಭಾಗಗಳಿಗೆ ಈಗಲೇ ದುಡ್ಡು ಹಾಕೋದು, ಬದಲಿಸಬಹುದಾದ ಭಾಗಗಳನ್ನು ಆಮೇಲೆ ನಾವೇ ಸ್ಕ್ರೂ ಡ್ರೈವರ್ ಹಿಡಿದು ಸೇರಿಸೋದು. ಬದಲಿಸೋಕಾಗದವು ಜಿಪಿಯು, ಸಿಪಿಯು, ಕೂಲಿಂಗ್, ಪರದೆ. ಬದಲಿಸಬಹುದಾದವು ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ವೈಫೈ ಕಾರ್ಡ್. ಈ ವಿಂಗಡಣೆ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗೀತು.

ಜಿಪಿಯು: ಹೆಸರು ನೋಡಬೇಡಿ, ವ್ಯಾಟ್ ನೋಡಿ

ನಮ್ಮ ಬಜೆಟ್‌ನಲ್ಲಿ ಎದುರಾಗೋದು ಹೆಚ್ಚಾಗಿ ಆರ್‌ಟಿಎಕ್ಸ್ 3050, 4050, ಆಫರ್ ಜೋರಿದ್ದರೆ 5050 ಅಥವಾ 4060. ಡಬ್ಬದ ಮೇಲೆ 'ಆರ್‌ಟಿಎಕ್ಸ್ 4050' ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಬರೆಯದೇ ಬಿಡೋದು ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅನ್ನೋದನ್ನ.

ಗದ್ದೆ ಇರೋ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಪಂಪ್‌ಸೆಟ್ ಮೋಟರ್ ಮೇಲೆ 5 ಎಚ್‌ಪಿ ಅಂತ ಪ್ಲೇಟ್ ಇರುತ್ತೆ. ಆದರೆ ವೋಲ್ಟೇಜ್ ಬಿದ್ದಾಗ ಅದೇ ಮೋಟರ್ ಎಷ್ಟು ನೀರು ಎತ್ತುತ್ತೆ? ಪ್ಲೇಟ್ ಬದಲಾಗಿಲ್ಲ, ನೀರು ಬದಲಾಗಿದೆ. ಜಿಪಿಯು ಕಥೆಯೂ ಇದೇ. 4050 ಮತ್ತು 4060 ಲ್ಯಾಪ್‌ಟಾಪ್ ಚಿಪ್‌ಗಳಿಗೆ ಎನ್‌ವಿಡಿಯಾ ಕೊಟ್ಟಿರೋ ವ್ಯಾಪ್ತಿ 35ರಿಂದ 115 ವ್ಯಾಟ್. ತೆಳ್ಳಗಿನ ಲ್ಯಾಪ್‌ಟಾಪ್ ಮಾಡೋ ಕಂಪನಿ ಅದನ್ನು 45ಕ್ಕೆ ಕಟ್ಟಿಹಾಕಬಹುದು, ದಪ್ಪ ಲ್ಯಾಪ್‌ಟಾಪಿನವರು 100 ದಾಟಿಸಬಹುದು. ಹೆಸರು ಎರಡಕ್ಕೂ ಒಂದೇ. ಈ ಸಂಖ್ಯೆಗೆ ಟಿಜಿಪಿ ಅಂತಾರೆ. ಪೂರ್ತಿ ವ್ಯಾಟ್ ಸಿಕ್ಕ 4050, ಕೈಕಾಲು ಕಟ್ಟಿದ 4060 ಜೊತೆ ಸರಿಸಮ ಓಡೋದು ಅಪರೂಪವೇನಲ್ಲ.

2021ರ ತನಕ ಕಡಿಮೆ ವ್ಯಾಟಿನ ಚಿಪ್‌ಗಳಿಗೆ ಮ್ಯಾಕ್ಸ್-ಕ್ಯೂ ಅಂತ ಬಾಲಂಗೋಚಿ ಇರ್ತಿತ್ತು, ಹೆಸರಲ್ಲೇ ಗೊತ್ತಾಗ್ತಿತ್ತು. ಆ ವರ್ಷದಿಂದ ಅದನ್ನು ತೆಗೆದುಹಾಕಿದರು. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ವ್ಯಾಟ್ ಬರೆಯಬೇಕು ಅಂತ ಎನ್‌ವಿಡಿಯಾ ಹೇಳಿತು. ಹಾಗಾಗಿ ಆನ್‌ಲೈನ್ ಮಾರಾಟದ ಪುಟದಲ್ಲಿ ಹುಡುಕಬೇಡಿ, ತಯಾರಕರ ಸ್ವಂತ ವೆಬ್‌ಸೈಟಿಗೆ ಹೋಗಿ ಪೂರ್ತಿ ಮಾಡೆಲ್ ನಂಬರ್ ಹಾಕಿ ನೋಡಿ. ವಿಕ್ಟಸ್, ಟಫ್, ನೈಟ್ರೋ, ಎಲ್‌ಒಕ್ಯೂ ಇವೆಲ್ಲ ಕುಟುಂಬದ ಹೆಸರುಗಳು. ಒಂದೇ ಮನೆಯಲ್ಲಿ ಪೈಲ್ವಾನನೂ ಇರ್ತಾನೆ, ನರಪೇತಲನೂ ಇರ್ತಾನೆ. ಕೊನೆಯ ನಾಲ್ಕೈದು ಅಕ್ಷರದ ಕೋಡ್‌ನಲ್ಲಿ ಗುಟ್ಟಿರೋದು.

ಕೆಲವರು 4060ಕ್ಕೆ 140 ವ್ಯಾಟ್ ಅಂತ ಬರೀತಾರೆ. ಅದು 115ಕ್ಕೆ ಸಿಪಿಯು ಬಿಡುವಿದ್ದಾಗ ಸಿಗೋ 25 ವ್ಯಾಟ್ ಸೇರಿಸಿ ಹೇಳೋ ಲೆಕ್ಕ. ಸುಳ್ಳಲ್ಲ, ಆದರೆ ಈ ಚಿಪ್‌ನಲ್ಲಿ 100 ದಾಟಿದ ಮೇಲೆ ಸಿಗೋ ಹೆಚ್ಚುವರಿ ವೇಗ ತೀರಾ ಸ್ವಲ್ಪ. ಅದಕ್ಕಾಗಿ ಐದು ಸಾವಿರ ಹೆಚ್ಚು ಕೊಡಬೇಡಿ.

ಇನ್ನು ವಿಡಿಯೋ ಮೆಮೊರಿ. 4050ಯಲ್ಲಿ 6 ಜಿಬಿ, 4060 ಮತ್ತು 5050ಯಲ್ಲಿ 8 ಜಿಬಿ. 3050ಯಲ್ಲಿ ಹಳೆಯದು 4 ಜಿಬಿ, ಆಮೇಲೆ ಬಂದದ್ದು 6 ಜಿಬಿ. 2026ರಲ್ಲಿ ನಾಲ್ಕು ವರ್ಷಕ್ಕೆ ಅಂತ ಕೊಳ್ಳೋನು 4 ಜಿಬಿ ಮುಟ್ಟಲೇಬಾರದು. ಡೆಸ್ಕ್‌ಟಾಪ್ ಹೆಸರಿನ ಜೊತೆ ಹೋಲಿಸಿ ಮೋಸ ಹೋಗಬೇಡಿ: ಡೆಸ್ಕ್‌ಟಾಪ್ 4070ಯಲ್ಲಿ 5,888 ಕೂಡಾ ಕೋರ್ ಮತ್ತು 12 ಜಿಬಿ, ಲ್ಯಾಪ್‌ಟಾಪ್ 4070ಯಲ್ಲಿ 4,608 ಕೋರ್ ಮತ್ತು 8 ಜಿಬಿ. ಹೆಸರು ಮಾತ್ರ ಅಣ್ಣತಮ್ಮ.

ಏಪ್ರಿಲ್ ತಿಂಗಳ ಲೆಕ್ಕ

ರಿವ್ಯೂ ಮಾಡೋರು ಸಾಮಾನ್ಯವಾಗಿ ಎಸಿ ಕೋಣೆಯಲ್ಲಿ ಕೂತು ಮಾಡ್ತಾರೆ. ನಮ್ಮ ಹುಡುಗ ಆಡೋದು ತುಂಗಭದ್ರೆಯ ದಂಡೆಯ ಊರಲ್ಲಿ, ಬೇಸಿಗೆ ರಜೆಯಲ್ಲಿ, ಫ್ಯಾನ್ ಕೆಳಗೆ. ವ್ಯತ್ಯಾಸ ಎಷ್ಟು ಅಂತ ನಾವು ಎಂಜಿನಿಯರಿಂಗ್‌ನವರು ಲೆಕ್ಕ ಹಾಕದಿದ್ದರೆ ಹೇಗೆ?

ಓಮ್ಸ್ ಲಾ ನೆನಪಿದೆಯಲ್ವಾ? ಶಾಖಕ್ಕೂ ಅದೇ ರೂಪದ ಸೂತ್ರ ಇದೆ. ವೋಲ್ಟೇಜ್ ಜಾಗದಲ್ಲಿ ತಾಪದ ವ್ಯತ್ಯಾಸ, ಕರೆಂಟ್ ಜಾಗದಲ್ಲಿ ವ್ಯಾಟ್, ರೆಸಿಸ್ಟೆನ್ಸ್ ಜಾಗದಲ್ಲಿ ಉಷ್ಣ ತಡೆ. ಅಂದರೆ,

ಚಿಪ್ ತಾಪ = ಕೋಣೆ ತಾಪ + (ವ್ಯಾಟ್ × ಉಷ್ಣ ತಡೆ)

ರಿವ್ಯೂನಲ್ಲಿ 25 ಡಿಗ್ರಿ ಕೋಣೆಯಲ್ಲಿ 80 ವ್ಯಾಟಿಗೆ ಜಿಪಿಯು 78 ಡಿಗ್ರಿ ಬಂತು ಅಂತ ಇಟ್ಟುಕೊಳ್ಳಿ. ಉಷ್ಣ ತಡೆ = (78 − 25) ÷ 80, ಅಂದರೆ ಒಂದು ವ್ಯಾಟಿಗೆ ಸುಮಾರು 0.66 ಡಿಗ್ರಿ. ಈಗ ಅದೇ ಲ್ಯಾಪ್‌ಟಾಪನ್ನು 38 ಡಿಗ್ರಿ ಕೋಣೆಗೆ ತನ್ನಿ. 80 ವ್ಯಾಟಿಗೆ ತಾಪ 38 + 53 = 91 ಡಿಗ್ರಿ. ಆದರೆ ಈ ಜಿಪಿಯು 87 ಡಿಗ್ರಿಗೆ ಮೀರದ ಹಾಗೆ ಕಂಪನಿ ಮಿತಿ ಇಟ್ಟಿದೆ ಅಂದುಕೊಳ್ಳೋಣ. ಆಗ ಅದು ತಾನಾಗಿ ವ್ಯಾಟ್ ಇಳಿಸಿಕೊಳ್ಳುತ್ತೆ: (87 − 38) ÷ 0.66, ಅಂದರೆ ಸುಮಾರು 74 ವ್ಯಾಟ್. ಇದನ್ನೇ ಥ್ರಾಟ್ಲಿಂಗ್ ಅನ್ನೋದು. ಆರು ವ್ಯಾಟ್ ತಾನೇ ಅನ್ನಬೇಡಿ. ಒಂದು ವರ್ಷದ ಧೂಳು ಕೂತು, ಪೇಸ್ಟ್ ಒಣಗಿ ಉಷ್ಣ ತಡೆ 0.8 ಆದರೆ ಉಳಿಯೋದು 61 ವ್ಯಾಟ್. ಸಿಪಿಯು ಕೂಡ ಅದೇ ಹೀಟ್ ಪೈಪಿಗೆ ಶಾಖ ಸುರಿಯೋ ಮಾಡೆಲ್‌ಗಳಲ್ಲಿ ಇನ್ನೂ ಕಡಿಮೆ.

ಈ ಲೆಕ್ಕದಿಂದ ಮೂರು ಕೆಲಸದ ಮಾತು ಹುಟ್ಟುತ್ತೆ. ರಿವ್ಯೂ ನೋಡುವಾಗ ಕೋಣೆ ತಾಪ ಎಷ್ಟಿತ್ತು ಅಂತ ಹುಡುಕಿ, ಹೇಳದಿದ್ದರೆ ಆ ರಿವ್ಯೂ ಅರ್ಧ ನಂಬಿ. ಎರಡು ಫ್ಯಾನ್ ಇದ್ದು, ಬಿಸಿಗಾಳಿ ಹಿಂಬದಿಯಿಂದಲೂ ಹೊರಹೋಗೋ ದಪ್ಪ ಬಾಡಿ ನಮ್ಮ ಸೀಮೆಗೆ ಒಳ್ಳೇದು, ತೆಳ್ಳಗೆ ಚೆಂದ ಕಾಣೋದು ಬೇಡ. ಮೂರನೇದು ದುಡ್ಡಿಲ್ಲದ ಕೆಲಸ: ಲ್ಯಾಪ್‌ಟಾಪ್ ಹಿಂಭಾಗವನ್ನು ಎರಡು ಪುಸ್ತಕದ ಮೇಲೆ ಎತ್ತಿಡಿ, ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಮೂರು ಸಾವಿರದ ಕೂಲಿಂಗ್ ಪ್ಯಾಡಿಗಿಂತ ಮೊದಲು ಈ ಪುಸ್ತಕದ ಉಪಾಯ ಮಾಡಿ ನೋಡಿ. ಮೊದಲ ಸೆಮಿಸ್ಟರ್ ಗೈಡುಗಳಿಗೂ ಒಂದು ಉಪಯೋಗ ಸಿಕ್ಕಂತಾಗುತ್ತೆ.

ಸಿಪಿಯು ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಈ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಬರೋ ಐ5, ರೈಜನ್ 5, ರೈಜನ್ 7 ಎಲ್ಲವೂ ಸಾಕು. ಐ7 ಸ್ಟಿಕ್ಕರಿಗಾಗಿ ಜಿಪಿಯು ಒಂದು ಮೆಟ್ಟಿಲು ಇಳಿಸಿಕೊಳ್ಳೋದು ಮಾತ್ರ ಬೇಡ. ಒಂದು ಎಚ್ಚರಿಕೆ: ರೈಜನ್ 7 7435ಎಚ್‌ಎಸ್ ಅನ್ನೋ ಚಿಪ್‌ನಲ್ಲಿ ಒಳಗಿನ ಸಣ್ಣ ಗ್ರಾಫಿಕ್ಸ್ ಇಲ್ಲ. ಬರೀ ಪಿಡಿಎಫ್ ಓದಿದರೂ ದೊಡ್ಡ ಜಿಪಿಯು ಎಚ್ಚರವಾಗಿರಬೇಕು, ಹಾಗಾಗಿ ಬ್ಯಾಟರಿ ಬೇಗ ಖಾಲಿ. ಅದಿರೋ ಲ್ಯಾಪ್‌ಟಾಪ್‌ಗಳು ಅಗ್ಗ ಸಿಗ್ತವೆ, ಗೇಮಿಗೆ ಚೆನ್ನಾಗೇ ಓಡ್ತವೆ. ಪ್ಲಗ್ ಪಾಯಿಂಟ್ ಇಲ್ಲದ ಕ್ಲಾಸ್‌ರೂಮಿಗೆ ಒಯ್ಯೋರು ಮಾತ್ರ ಯೋಚಿಸಿ.

ನಾವೇ ಸೇರಿಸಬಹುದಾದದ್ದು

ಇಲ್ಲಿ ನಮ್ಮ 'ಅರ್ಧ ಕಸ್ಟಮ್' ಶುರು. ಎರಡು ರ‍್ಯಾಮ್ ಸ್ಲಾಟ್, ಎರಡು ಎಂ.2 ಎಸ್‌ಎಸ್‌ಡಿ ಸ್ಲಾಟ್ ಇರೋ ಮಾಡೆಲ್ ಮಾತ್ರ ನೋಡಿ. ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದರೆ ಪಟ್ಟಿಯಿಂದ ಕೈಬಿಡಿ.

ಒಂದು 16 ಜಿಬಿ ಕಡ್ಡಿ ಹಾಕಿದ್ದಾರಾ, ಎರಡು 8 ಜಿಬಿ ಕಡ್ಡಿ ಹಾಕಿದ್ದಾರಾ ಅನ್ನೋದು ಮುಖ್ಯ. ಡಿಡಿಆರ್5-5600 ಒಂದೇ ಕಡ್ಡಿಯಲ್ಲಿ ಸೆಕೆಂಡಿಗೆ 5,600 ಮಿಲಿಯನ್ ಸಲ, ಪ್ರತಿ ಸಲ 64 ಬಿಟ್, ಅಂದರೆ 8 ಬೈಟ್ ಸಾಗುತ್ತೆ. ಒಟ್ಟು 44.8 ಜಿಬಿ. ಎರಡು ಕಡ್ಡಿ ಇದ್ದರೆ 89.6 ಜಿಬಿ. ಒಂದೇ ಗೇಟಿನ ಕಾಲುವೆಗೂ ಎರಡು ಗೇಟಿನ ಕಾಲುವೆಗೂ ಇರೋ ವ್ಯತ್ಯಾಸ. ಸರಾಸರಿ ಫ್ರೇಮ್‌ರೇಟ್‌ಗಿಂತ ಮಧ್ಯೆ ಮಧ್ಯೆ ಆಗೋ ಜರ್ಕ್ ಇದರಿಂದ ಕಡಿಮೆ ಆಗುತ್ತೆ.

ಮುಂಚೆ ನಾವು ಕೊಡ್ತಿದ್ದ ಸಲಹೆ ಸರಳ: 8 ಜಿಬಿ ಮಾಡೆಲ್ ತಗೊಳ್ಳಿ, ಇನ್ನೊಂದು 8 ಜಿಬಿ ಹೊರಗೆ ಕೊಂಡು ಹಾಕಿ, ದುಡ್ಡು ಉಳಿಯುತ್ತೆ. 2025ರ ಕೊನೆಯಿಂದ ಆ ಸಲಹೆ ಅಷ್ಟು ಸಲೀಸಾಗಿಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ರ‍್ಯಾಮ್ ಬೆಲೆ ಏರಿದೆ. ಮೈಕ್ರಾನ್ ಕಂಪನಿಯಂತೂ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿತು. ಹಾಗಾಗಿ ಕೊಳ್ಳೋ ದಿನ ಎರಡೂ ಲೆಕ್ಕ ಹಾಕಿ. 16 ಜಿಬಿ ಮಾಡೆಲಿಗೂ 8 ಜಿಬಿ ಮಾಡೆಲಿಗೂ ಇರೋ ವ್ಯತ್ಯಾಸ, ಬಿಡಿ ಕಡ್ಡಿಯ ಬೆಲೆಗಿಂತ ಕಡಿಮೆ ಇದ್ದರೆ ಕಂಪನಿಯವರದ್ದೇ ತಗೊಳ್ಳಿ. ಎಸ್‌ಎಸ್‌ಡಿ 512 ಜಿಬಿ ಸದ್ಯಕ್ಕೆ ಸಾಕು. ಎರಡನೇ ಸ್ಲಾಟ್ ಖಾಲಿ ಇರಲಿ, ಮೂರನೇ ವರ್ಷ ತುಂಬಿದಾಗ ನೋಡಿಕೊಳ್ಳೋಣ. ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತಾ ಅಂತ ಕೊಳ್ಳೋ ಮೊದಲೇ ಕಸ್ಟಮರ್ ಕೇರಿಗೆ ಇಮೇಲ್ ಹಾಕಿ, ಉತ್ತರವನ್ನು ಎತ್ತಿಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಸಾಕ್ಷಿ ಇರಲ್ಲ.

ಪರದೆ ವಿಷಯ ಚುಟುಕಾಗಿ. ಸ್ಪೆಕ್‌ನಲ್ಲಿ '45% ಎನ್‌ಟಿಎಸ್‌ಸಿ' ಅಂತಿದ್ದರೆ ಬಣ್ಣ ಪೇಲವ, '100% ಎಸ್‌ಆರ್‌ಜಿಬಿ' ಅಂತಿದ್ದರೆ ಒಳ್ಳೇದು. 144 ಹರ್ಟ್ಜ್ ಸಾಕೇ ಸಾಕು. 2560×1600 ಪರದೆ ಚೆಂದ, ಆದರೆ ಅದರಲ್ಲಿ ಸುಮಾರು 41 ಲಕ್ಷ ಪಿಕ್ಸೆಲ್, 1920×1080ರಲ್ಲಿ ಸುಮಾರು 21 ಲಕ್ಷ. 4050ಗೆ ಎರಡರಷ್ಟು ಹೊರೆ ಹೊರಿಸಬೇಡಿ.

ಕೋರ್ಸಿಗೆ ನಿಜವಾಗಿ ಎಷ್ಟು ಬೇಕು?

ಮೊದಲ ವರ್ಷದ ಸಿ ಪ್ರೋಗ್ರಾಂ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. ಇದನ್ನು ಅಪ್ಪಾಜಿ ಮುಂದೆ ಮುಚ್ಚಿಡೋದು ಸರಿಯಲ್ಲ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಸಾಲಿಡ್‌ವರ್ಕ್ಸ್, ಆನ್ಸಿಸ್ ಬಂದಾಗ ರ‍್ಯಾಮ್ ಬೇಕು, ಜಿಪಿಯು ಸ್ವಲ್ಪ ಬೇಕು. ಸಿಎಸ್, ಎಐ ಬ್ರಾಂಚಿನವರಿಗೆ ಕೂಡಾ ಇರೋದರಿಂದ ಎನ್‌ವಿಡಿಯಾ ಉಪಯೋಗಕ್ಕೆ ಬರುತ್ತೆ. ಆದರೆ ಅಲ್ಲೂ ಲೆಕ್ಕ ಇದೆ: 700 ಕೋಟಿ ಪ್ಯಾರಾಮೀಟರಿನ ಭಾಷಾ ಮಾಡೆಲ್ 16 ಬಿಟ್‌ನಲ್ಲಿ 14 ಜಿಬಿ ಕೇಳುತ್ತೆ, 8 ಜಿಬಿಯಲ್ಲಿ ಹಿಡಿಯಲ್ಲ. 4 ಬಿಟ್‌ಗೆ ಕುಗ್ಗಿಸಿದರೆ ಮೂರೂವರೆ ಜಿಬಿ, 6 ಜಿಬಿಯಲ್ಲೂ ಕೂರುತ್ತೆ. ಅದಕ್ಕಿಂತ ದೊಡ್ಡದಕ್ಕೆ ಗೂಗಲ್ ಕೊಲ್ಯಾಬ್‌ನಲ್ಲಿ 16 ಜಿಬಿಯ ಟಿ4 ಜಿಪಿಯು ಪುಕ್ಕಟೆ ಸಿಗುತ್ತೆ, ಸಮಯದ ಮಿತಿ ಇದ್ದರೂ. ಹಾಗಾಗಿ 'ಪ್ರಾಜೆಕ್ಟಿಗೆ 4070ಯೇ ಬೇಕಂತೆ' ಅಂತ ಮನೆಯಲ್ಲಿ ಹೇಳೋ ಹುಡುಗರು ಪ್ರಾಜೆಕ್ಟ್ ಬಗ್ಗೆ ಹೇಳ್ತಿಲ್ಲ.

ಎಂಬತ್ತು ಸಾವಿರಕ್ಕೆ ಡೆಸ್ಕ್‌ಟಾಪ್ ಕಟ್ಟಿಸಿದರೆ ಇದಕ್ಕಿಂತ ವೇಗದ ಯಂತ್ರ ಬರುತ್ತೆ, ಅದು ನಿಜ. ಆದರೆ ಶುಕ್ರವಾರ ಸಂಜೆ ದಾವಣಗೆರೆಯಿಂದ ಊರಿಗೆ ಹೋಗೋ ಬಸ್ಸಿನಲ್ಲಿ ಡೆಸ್ಕ್‌ಟಾಪ್ ಬರಲ್ಲ, ಕರೆಂಟ್ ಹೋದಾಗ ತಡೆದು ನಿಲ್ಲಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಯುಪಿಎಸ್. ಬಸ್ಸಿನ ಮಾತು ಬಂತಲ್ಲ, ತೂಕ ನೋಡಿ: ಲ್ಯಾಪ್‌ಟಾಪ್ ಎರಡೂಕಾಲು ಕೆಜಿ, ಅಡಾಪ್ಟರ್ ಅರ್ಧ ಕೆಜಿಯ ಮೇಲೆ. ನಿಂತುಕೊಂಡು ಹೋಗೋ ದಿನ ಹೆಗಲಿಗೆ ಗೊತ್ತಾಗುತ್ತೆ. ಟೈಪ್-ಸಿ ಚಾರ್ಜಿಂಗ್ ಇರೋ ಮಾಡೆಲ್ ಆದರೆ ಕಾಲೇಜಿಗೆ 65 ವ್ಯಾಟಿನ ಸಣ್ಣ ಚಾರ್ಜರ್ ಸಾಕು, ದೊಡ್ಡದು ರೂಮಿನಲ್ಲೇ ಇರಲಿ. ಮನೆಯ ಹಳೇ ಇನ್ವರ್ಟರ್ ಸ್ಕ್ವೇರ್ ವೇವ್‌ದಾದರೆ ಅದರ ಮೇಲೆ ಗಂಟೆಗಟ್ಟಲೆ ಗೇಮ್ ಆಡಬೇಡಿ, ಅಡಾಪ್ಟರ್ ಬಿಸಿಯಾಗುತ್ತೆ.

ಸರ್ವೀಸ್ ವಿಷಯದಲ್ಲಿ ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ ಕಡೆಯವರು ಒಂದು ಕೆಲಸ ಮಾಡಲೇಬೇಕು. 'ಆನ್‌ಸೈಟ್ ವಾರಂಟಿ' ಅಂತ ಬರೆದಿದ್ದರೂ ಅದು ಪಿನ್ ಕೋಡ್ ಮೇಲೆ ನಿಂತಿರುತ್ತೆ. ನಿಮ್ಮೂರಿನ ಪಿನ್ ಕೋಡ್, ಹಾಸ್ಟೆಲಿನ ಪಿನ್ ಕೋಡ್ ಎರಡನ್ನೂ ಕೊಟ್ಟು ಕೇಳಿ. ನಮ್ಮವರಿಗೆ ಹತ್ತಿರ ಅಂದರೆ ದಾವಣಗೆರೆ, ಇಲ್ಲವೇ ಶಿವಮೊಗ್ಗ. ಈ ಎರಡು ಊರಲ್ಲಿ ಯಾವ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಇದೆಯೋ ಅದಕ್ಕೆ ನಾನಂತೂ ಎರಡು ಸಾವಿರ ಹೆಚ್ಚು ಕೊಟ್ಟೇನು. ಎರಡನೇ, ಮೂರನೇ ವರ್ಷದ ವಾರಂಟಿಗೆ ಹಣ ಬಜೆಟ್ಟಿನಲ್ಲೇ ತೆಗೆದಿಡಿ. ಹಾಗಾಗಿ ಎಂಬತ್ತು ಸಾವಿರದಲ್ಲಿ ಯಂತ್ರಕ್ಕೆ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಅಂತ ಲೆಕ್ಕ.

ಹಣ ಸಾಲದಿದ್ದರೆ ಇಎಂಐಗೆ ಬೀಳೋ ಮೊದಲು ಇದನ್ನು ತಿಳಿದಿರಿ: ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರ್ ಖರ್ಚನ್ನೂ ಸೇರಿಸಬಹುದು. ಈಗಾಗಲೇ ಶಿಕ್ಷಣ ಸಾಲ ಮಾಡ್ತಿರೋರು ಕೊಟೇಶನ್ ಸಮೇತ ಮೊದಲೇ ಕೇಳಿ. ಅವಸರವೂ ಬೇಡ. ಮೊದಲ ಸೆಮಿಸ್ಟರ್ ಲ್ಯಾಬ್ ಕಂಪ್ಯೂಟರಿನಲ್ಲಿ ದೂಡಿ, ನವರಾತ್ರಿ–ದೀಪಾವಳಿ ಸೇಲ್ ತನಕ ಕಾದರೆ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗೋ ಸಂಭವ ಇದೆ. ಬಿಲ್ ಇಲ್ಲದೆ 'ಜಿಎಸ್‌ಟಿ ಬಿಟ್ಟು ಕೊಡ್ತೀನಿ' ಅನ್ನೋ ಅಂಗಡಿಯವರಿಗೆ ಕೈ ಮುಗಿದು ಬನ್ನಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ. 18, ಆಸೆ ಆಗೋದು ಸಹಜ. ಆದರೆ ಬಿಲ್ಲಿಲ್ಲದೆ ವಾರಂಟಿ ಕೇಳೋಕೆ ಮುಖ ಇರಲ್ಲ.

ಡಬ್ಬ ಬಂದ ದಿನ ಪಾರ್ಸಲ್ ಒಡೆಯೋದನ್ನು ಕತ್ತರಿಸದೆ ಒಂದೇ ವಿಡಿಯೋ ಮಾಡಿ, ಸೀರಿಯಲ್ ನಂಬರ್ ಕಾಣೋ ಹಾಗೆ. ಆನ್ ಮಾಡಿದ ಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆಯಿರಿ, ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟು ಅಂತ ಅಲ್ಲಿರುತ್ತೆ. ವೆಬ್‌ಸೈಟಿನಲ್ಲಿ ಹೇಳಿದ ವ್ಯಾಟ್‌ಗೆ ತಾಳೆ ನೋಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿದೆ ಅಂತ ಕಾಣುತ್ತೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಚಾರ್ಜ್ ಸೈಕಲ್ ಎಷ್ಟಾಗಿದೆ ನೋಡಿ. ಹೊಸದರಲ್ಲಿ ಐವತ್ತು ಸೈಕಲ್ ಇದ್ದರೆ ಅದು ಯಾರೋ ಬಳಸಿ ವಾಪಸ್ ಕೊಟ್ಟದ್ದು. ಆಮೇಲೆ ಭಾರದ ಗೇಮ್ ಒಂದನ್ನು ಅರ್ಧ ಗಂಟೆ ಓಡಿಸಿ, ಪರದೆಯನ್ನು ಪೂರ್ತಿ ಕಪ್ಪು, ಪೂರ್ತಿ ಬಿಳಿ ಮಾಡಿ ಸತ್ತ ಪಿಕ್ಸೆಲ್ ಹುಡುಕಿ. ಇಷ್ಟನ್ನೂ ರಿಟರ್ನ್ ಅವಧಿ ಮುಗಿಯೋದರೊಳಗೆ ಮಾಡಿ ಮುಗಿಸಿ. ಹೆಚ್ಚಿನ ಕಡೆ ಅದು ಒಂದು ವಾರವೋ ಹತ್ತು ದಿನವೋ, ಕೆಲವು ಕಡೆ ಬರೀ ಬದಲಿ ಕೊಡ್ತಾರೆ, ಹಣ ವಾಪಸ್ ಇಲ್ಲ. ಊರಿಗೆ ತರಿಸಿಕೊಂಡು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಡಬ್ಬ ಒಡೆಯೋರು ಇದನ್ನು ಎರಡು ಸಲ ಓದಿ.